ಭಾನುವಾರದ ತಗಡುಗಳು

ಲೋಹದ ಮೇಲೆ ಕೈಯಿಂದ ಕೊರೆಯುವ ಕೆಲಸ ಕಲಿಯಬೇಕು ಎಂದು ಈಗಲೂ ಅಪರೂಪಕ್ಕೆ ಯಾರಾದರೂ ಯಲ್ಲಾಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ಒಳ್ಳೆಯ ಉಳಿ ಎಲ್ಲಿ ಸಿಗುತ್ತದೆ ಎಂದು. ಆಮೇಲೆ ಕೇಳುವುದು ಕಲಿಯಲು ಎಷ್ಟು ಕಾಲ ಬೇಕು ಎಂದು. ಮಾಡಿದ ಕೆಲಸವನ್ನು ಯಾರಿಗೆ ತೋರಿಸಬೇಕು ಎಂದು ಇದುವರೆಗೆ ಯಾರೂ ಕೇಳಿಲ್ಲ. ನಾನು ಕೆಲಸ ಕಲಿತದ್ದು ಮಾತ್ರ ಅದರಿಂದಲೇ. ಕಣ್ಣಿನ ಪೊರೆ ತೆಗೆಸಿದ ಮೇಲೆ ಉಳಿ ಹಿಡಿಯುವುದನ್ನು ಬಿಟ್ಟಿದ್ದೇನೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಕೊರೆಯುವವನಿಗೆ ದೂರದ್ದು ಕಂಡು ಆಗಬೇಕಾದ್ದೇನೂ ಇಲ್ಲ. ಈಗ ಬಿಡುವಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ನಾನೂ ಅದೇ ಹಾದಿ ಹಿಡಿಯಲಿ ಎಂದು ಕ್ಲೀನರ್ ಆಗಿ ಜೊತೆಗೆ ಕರೆದುಕೊಂಡು ಹೋದರು. ಅರಬೈಲು ಘಾಟಿಯ ತಿರುವುಗಳಲ್ಲಿ ನಾನು ವಾಂತಿ ಮಾಡುವುದು, ಅವರು ಲಾರಿ ನಿಲ್ಲಿಸಿ ತೊಳೆಯುವುದು, ಹೀಗೇ ಕೆಲವು ಟ್ರಿಪ್ಪು ನಡೆಯಿತು. ಕೊನೆಗೊಂದು ದಿನ ಅಂಕೋಲೆಯಿಂದ ವಾಪಸ್ಸು ಬಂದವರು ನನ್ನನ್ನು ಮನೆಗೂ ಬಿಡದೆ ಪೈ ಮಾಮರ ಪಾತ್ರೆ ಅಂಗಡಿಯ ಮುಂದೆ ಇಳಿಸಿದರು. "ಇವನಿಗೆ ನೆಲದ ಮೇಲೆ ಕೂತು ಮಾಡೋ ಕೆಲ್ಸ ಏನಾದ್ರೂ ಇದ್ರೆ ಕೊಡಿ" ಎಂದರು. ಪೈ ಮಾಮ ಕೊಟ್ಟದ್ದು ಅಂಥದ್ದೇ ಕೆಲಸ. ಅಂಗಡಿಯಲ್ಲಿ ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದ ಮುದುಕರು ಕಣ್ಣು ಕಾಣದೆ ಬಿಟ್ಟಿದ್ದರು. ಅವರ ಮಣೆ, ಚಿಕ್ಕ ಸುತ್ತಿಗೆ ಮತ್ತು ಮೊಂಡಾದ ಒಂದು ಉಳಿ ನನ್ನ ಪಾಲಿಗೆ ಬಂದವು.

ಆಗ ಹೆಸರು ಹಾಕುವುದೆಂದರೆ ಚುಕ್ಕಿ ಹೊಡೆಯುವುದು. ಉಳಿಯನ್ನು ನಿಲ್ಲಿಸಿ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಚುಕ್ಕಿಗೆ ಚುಕ್ಕಿ ಸೇರಿ ಅಕ್ಷರವಾಗುತ್ತಿತ್ತು. ಪೈ ಮಾಮ ಒಳ್ಳೆಯ ಮನುಷ್ಯ, ಆದರೆ ಅಕ್ಷರದ ವಿಷಯದಲ್ಲಿ ಅವರಿಗೆ ಇದ್ದದ್ದು ಒಂದೇ ಸಿದ್ಧಾಂತ. "ಕದ್ದವ ಓದಿ ಹೆದರಬೇಕು, ಅಷ್ಟು ಸಾಕು" ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ನಾನು ವರ್ಷದೊಳಗೇ ಪೂರ್ತಿ ಕಲಿತಿದ್ದೆ. ನನಗೂ ಹಾಗೆಯೇ ಅನಿಸಿತ್ತು.

ಅದು ತಪ್ಪೆಂದು ಗೊತ್ತಾದದ್ದು ಮುಂಡಗೋಡ ಕಡೆಯ ಒಬ್ಬ ಹೆಂಗಸಿನಿಂದ. ಮಗಳ ಮದುವೆಗೆಂದು ಹಿತ್ತಾಳೆಯ ಕೊಡ ಕೊಂಡು, ಹೆಸರು ಹಾಕಿಸಿಕೊಂಡು ಹೋಗಿದ್ದರು. ಕೆಲವು ತಿಂಗಳ ಮೇಲೆ ಸಂತೆಗೆ ಬಂದವರು ಅಂಗಡಿಗೆ ಹತ್ತಿ, ನನ್ನ ಮಣೆಯ ಮುಂದೆ ಬಂದು ನಿಂತರು.

"ಹೆಸರು ಹಾಕಿದವ್ರು ನೀವ ಏನ್ರಿ?"

"ಹೌದು."

"ಯಾಕ್ರಿ ಹಂಗ ಚುಚ್ಚೀರಿ? ನನ್ನ ಮಗಳು ಕೊಡ ಬೆಳಗೂವಾಗ ದಿನಾ ಕೈ ತರಚಿಕೊಳ್ತಾಳ. ಗಂಡನ ಮನ್ಯಾಗ ನಗತಾರಂತ. ಅವರವ್ವ ತನ್ನ ಹೆಸರನ್ನ ಮುಳ್ಳಿನಾಗ ಬರಿಸಿ ಕಳಿಸ್ಯಾಳ ಅಂತಾರಂತ್ರಿ."

ಅವರು ಜಗಳಕ್ಕೆ ಬಂದಿರಲಿಲ್ಲ, ಹೇಳಿ ಹೋಗಲು ಬಂದಿದ್ದರು. ಅವರು ಹೋದ ಮೇಲೆ ನಾನು ಅಂಗಡಿಯಲ್ಲಿದ್ದ, ನಾನೇ ಹೆಸರು ಹಾಕಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಬೆರಳಾಡಿಸಿ ನೋಡಿದೆ. ಪ್ರತಿ ಚುಕ್ಕಿಯ ಅಂಚಿನಲ್ಲೂ ಲೋಹ ಎದ್ದು ನಿಂತಿತ್ತು. ಇಷ್ಟು ಕಾಲ ಅಕ್ಷರವನ್ನು ಕಣ್ಣಿನಿಂದ ಮಾತ್ರ ನೋಡಿದ್ದೆ, ಅದನ್ನು ದಿನವೂ ಬೆಳಗುವ ಕೈ ಒಂದಿದೆ ಎಂಬುದು ತಲೆಗೆ ಬಂದಿರಲಿಲ್ಲ. ಲೋಹವನ್ನು ಚುಚ್ಚದೆ ಕೊರೆದು ತೆಗೆಯುವುದು ಹೇಗೆ ಎಂದು ಪೈ ಮಾಮರನ್ನು ಕೇಳಿದೆ. "ಅದು ಬೆಳ್ಳಿ ಕೆಲ್ಸದವರ ವಿದ್ಯೆ. ಸಿರ್ಸಿಯಲ್ಲಿ ವಿಠ್ಠಲ ಶೇಟ್ ಹೇಳಿ ಇದ್ದಾನೆ, ಹೋಗಿ ಕೇಳು. ಆದ್ರೆ ಅಂಗಡಿ ರಜೆ ಇದ್ದ ದಿನ ಹೋಗು" ಎಂದರು.

ಹಾಗೆ ಒಂದು ಭಾನುವಾರ ಸಿರ್ಸಿಯ ಬಸ್ಸು ಹತ್ತಿದೆ. ವಾಂತಿಯಾಗದಿರಲು ನಿಂಬೆಹಣ್ಣು ಮೂಸುತ್ತಾ ಹೋದದ್ದು ನೆನಪಿದೆ.

ಶೇಟರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಂಗಡಿ ಚಿಕ್ಕದು, ಹಿಂದೊಂದು ಕೋಣೆ. ಅದರ ಕಿಟಕಿ ಉತ್ತರಕ್ಕಿದ್ದುದರಿಂದ ಬಿಸಿಲು ಬೀಳದೆ ಬೆಳಕು ಮಾತ್ರ ಬರುತ್ತಿತ್ತು. ಬೆಳ್ಳಿಯ ಬಟ್ಟಲ ಮೇಲೆ ಅವರು ಕೊರೆದ ಬಳ್ಳಿಯನ್ನು ನೋಡಿದೆ. ಗೆರೆ ಕೂದಲಿನಷ್ಟು ತೆಳುವಾಗಿ ಹುಟ್ಟಿ, ತಿರುವಿನಲ್ಲಿ ದಪ್ಪವಾಗಿ, ಮತ್ತೆ ತೆಳುವಾಗಿ ಎಲೆಯ ತುದಿಯಲ್ಲಿ ಇಲ್ಲವಾಗುತ್ತಿತ್ತು. ನನಗೆ ಕಲಿಸಿ ಎಂದೆ.

"ನಾನು ಕಲ್ಸೂದಿಲ್ಲ ಮಾರಾಯಾ. ಯಾಕೆ ಹೇಳಿದ್ರೆ ನಂಗೆ ಅಕ್ಷರ ಬರೂದಿಲ್ಲ."

"ಓದೋಕೆ ಬರೋದಿಲ್ವಾ?"

"ಓದೂಕೆ ಬರ್ತದೆ. ಕೊರೆಯೂಕೆ ಬರೂದಿಲ್ಲ. ನೀನು ಅಕ್ಷರ ಹಾಕಿದವ ಅಂತೀಯ. ಒಂದು ಕೆಲ್ಸ ಮಾಡು. ನೀನು ಅಕ್ಷರ ಕೊರಿ, ನಾನು ಬಳ್ಳಿ ಕೊರೀತೇನೆ. ನಿಂದು ನಾನು ನೋಡ್ತೇನೆ, ನಂದು ನೀನು ನೋಡು."

ಅವರು ಗುರು ಆಗಲು ಒಪ್ಪಲಿಲ್ಲ, ಕೊನೆಯವರೆಗೂ ಒಪ್ಪಲಿಲ್ಲ. ಮೊದಲ ಪಾಠವೆಂದು ಕೊಟ್ಟದ್ದು ತಮ್ಮ ಹೆಸರನ್ನೇ. "ವಿಠ್ಠಲ ಹೇಳಿ ಇಲ್ಲೇ ಕೊರ್ದು ತೋರ್ಸು" ಎಂದರು. ಕೊರೆಯುವವರು ಯಾರಾದರೂ ಆ ಹೆಸರನ್ನು ಪ್ರಯತ್ನಿಸಿ ನೋಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ನೆಟ್ಟಗಿನ ಗೆರೆ ಹೆಚ್ಚು, ಉಳಿಯನ್ನು ತಳ್ಳಿಕೊಂಡು ಹೋದರಾಯಿತು. ಕನ್ನಡದಲ್ಲಿ ನೆಟ್ಟಗಿನ ಗೆರೆ ಹುಡುಕಿದರೂ ಸಿಗುವುದಿಲ್ಲ. ಠಕಾರವೆಂದರೆ ಸುತ್ತು, ಅದರೊಳಗೊಂದು ಬೊಟ್ಟು, ಮೇಲೆ ತಲೆಕಟ್ಟು, ಕೆಳಗೆ ಒತ್ತಾಗಿ ಮತ್ತೊಂದು ಅಂಥದ್ದೇ ಸುತ್ತು. ಸುತ್ತು ಬಂದಲ್ಲಿ ನಾನು ಮಣಿಕಟ್ಟನ್ನು ತಿರುಗಿಸಿದೆ. ಉಳಿ ಜಾರಿ ಎಡಗೈಯ ಹೆಬ್ಬೆರಳ ಬುಡಕ್ಕೆ ಇಳಿಯಿತು. ಆ ಗುರುತು ಈಗಲೂ ಇದೆ. ಶೇಟರು ಗಾಯಕ್ಕೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿ, "ತಿರುಗ್ಬೇಕಾದ್ದು ತಗಡು, ಉಳಿಯಲ್ಲ" ಎಂದರು. ಬಲಗೈ ಉಳಿಯನ್ನು ತಳ್ಳುತ್ತದೆ, ಅಷ್ಟೇ. ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟ ತಗಡನ್ನು ಎಡಗೈ ಉಳಿಗೆ ಎದುರಾಗಿ ತಿರುಗಿಸುತ್ತಾ ಬರುತ್ತದೆ. ಈ ಮಾತನ್ನು ಬರೆಯಲು ಒಂದು ಸಾಲು ಸಾಕು. ಎರಡು ಕೈಗೂ ಅದು ಅರ್ಥವಾಗಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಉಳಿ ಮಸೆಯುವುದು ಇನ್ನೊಂದು. ಹೊಸಬರಿಗೆ ಇದರಲ್ಲಿ ಬೇಸರ ಬರುತ್ತದೆ, ನನಗೂ ಬಂದಿತ್ತು. ಸಾಣೆಕಲ್ಲಿನ ಮೇಲೆ ಉಳಿಯ ಮುಖ ಒಂದೇ ಕೋನದಲ್ಲಿ ಕೂರಬೇಕು, ಒಂದಿಷ್ಟು ಓಲಾಡಿದರೂ ಮೊನೆ ದುಂಡಗಾಗುತ್ತದೆ. ಹರಿತವಾಯಿತೇ ಎಂದು ನೋಡಲು ಶೇಟರು ಮೊನೆಯನ್ನು ಹೆಬ್ಬೆರಳಿನ ಉಗುರ ಮೇಲೆ ಮೆಲ್ಲಗೆ ಇಡುತ್ತಿದ್ದರು. ಜಾರಿದರೆ ಮತ್ತೆ ಕಲ್ಲಿಗೆ, ಕಚ್ಚಿ ನಿಂತರೆ ತಗಡಿಗೆ. ನನ್ನ ತಪ್ಪುಗಳಲ್ಲಿ ಅರ್ಧದಷ್ಟು ಕೈಯದ್ದಲ್ಲ, ಉಗುರ ಮೇಲೆ ಜಾರಿದ ಉಳಿಯನ್ನು ನಡೆಯುತ್ತದೆ ಬಿಡು ಎಂದು ತಗಡಿಗೆ ತಂದದ್ದರ ಫಲ.

ನಮ್ಮಿಬ್ಬರ ಜೊತೆಗೆ ಮೂರನೆಯವರು ಸೇರಿದ್ದು ಒಂದು ತಕರಾರಿನಿಂದ. ಸಾವಿತ್ರಿ ಅಕ್ಕೋರು ಸಿದ್ದಾಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ಮನೆ ಕಾನಸೂರಿನ ಹತ್ತಿರ. ನಿವೃತ್ತರಾಗುವ ಹೆಡ್‌ಮಾಸ್ತರರಿಗೆ ಶಾಲೆಯವರು ಬೆಳ್ಳಿಯ ತಟ್ಟೆ ಕೊಡುವುದಿತ್ತು. ಹೆಸರು ಕೊರೆದವರು ಶೇಟರು. ಮುಂದಿನ ಭಾನುವಾರ ಅಕ್ಕೋರು ತಟ್ಟೆ ಹಿಡಿದುಕೊಂಡು ಬಂದರು.

"ಶೇಟ್ರೇ, ಇದೆಂತದು? ಅಕ್ಷರ ಎಲ್ಲ ನಡು ಉಳುಕಿದ ಹಾಂಗೆ ನಿಂತಿದೆ."

ಶೇಟರು ಸಿಟ್ಟಾಗಲಿಲ್ಲ. ಒಂದು ತಾಮ್ರದ ತುಂಡು, ಒಂದು ಉಳಿ ಮುಂದಿಟ್ಟು, "ಮಾಡಿ ತೋರ್ಸಿ ಅಕ್ಕೋರೇ" ಎಂದರು. ಅಕ್ಕೋರು ಪೆನ್ಸಿಲಿನಲ್ಲಿ ತಗಡಿನ ಮೇಲೆ ಅಕ್ಷರ ಬರೆದರು. ಅಷ್ಟು ಚಂದದ ಅಕ್ಷರವನ್ನು ನಾನು ಯಾವ ಪಾತ್ರೆಯ ಮೇಲೂ ನೋಡಿರಲಿಲ್ಲ. ಆಮೇಲೆ ಉಳಿ ಹಿಡಿದರು. ಒಂದು ಗೆರೆಯೂ ಹೊರಡಲಿಲ್ಲ. ಉಳಿ ಒಮ್ಮೆ ಹುಗಿದುಕೊಂಡಿತು, ಒಮ್ಮೆ ಜಾರಿ ಅಂಚಿನಾಚೆ ಹೋಯಿತು. ಅವರು ಉಳಿ ಕೆಳಗಿಟ್ಟು ಎದ್ದು ಹೋದರು. ಇನ್ನು ಬರುವುದಿಲ್ಲ ಎಂದುಕೊಂಡೆವು. ಮುಂದಿನ ಭಾನುವಾರ ತಾವೇ ಕೊಂಡ ತಾಮ್ರದ ತಗಡಿನೊಂದಿಗೆ ಬಂದು, ಸೆರಗು ಸಿಕ್ಕಿಸಿ ಕೂತರು.

ಕೂಟಕ್ಕೊಂದು ಕ್ರಮ ಬಂದದ್ದು ಅವರಿಂದ. ಅದುವರೆಗೆ ನಾನೂ ಶೇಟರೂ ಒಬ್ಬರ ತಗಡನ್ನು ಒಬ್ಬರು ನೋಡಿ "ಪರವಾಗಿಲ್ಲ" ಎಂದೋ "ಇನ್ನೂ ಸ್ವಲ್ಪ ಸುಧಾರಿಸಬೇಕು" ಎಂದೋ ಹೇಳಿ ಚಹಾ ಕುಡಿಯುತ್ತಿದ್ದೆವು. ಅಕ್ಕೋರಿಗೆ ಅದನ್ನು ಸಹಿಸಲಾಗಲಿಲ್ಲ. ಹುರುಪು ಬಂದಾಗ ಅವರ ಬಾಯಿಗೆ ಮನೆಯ ಮಾತೇ ಬರುತ್ತಿತ್ತು. "ಚೊಲೋ ಇದ್ದು ಹೇಳಡಿ, ಚೊಲೋ ಇಲ್ಲೆ ಹೇಳಿಯೂ ಹೇಳಡಿ. ಎಲ್ಲಿ ಎಂತ ಆಜು, ಅದ್ನ ಹೇಳಿ" ಎಂದರು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದು ಬೇಡ, ಎಲ್ಲಿ ಏನಾಗಿದೆ ಅಷ್ಟನ್ನೇ ಹೇಳಿ ಎಂದು ಅರ್ಥ. ಅಲ್ಲಿಂದ ಮುಂದೆ ಮೂವರೂ ವಾರವಿಡೀ ಮಾಡಿದ ತಗಡುಗಳನ್ನು ಹೆಸರು ಹಾಕದೆ ಬೋರಲಾಗಿ ಇಡುತ್ತಿದ್ದೆವು. ಕೈಗೆ ಬಂದದ್ದನ್ನು ಎತ್ತಿಕೊಂಡು, ಕಂಡದ್ದನ್ನು ಮಾತ್ರ ಹೇಳಬೇಕು. ಯಾರದ್ದೆಂದು ಕೇಳುವ ಹಾಗಿಲ್ಲ. ಸಮರ್ಥನೆ ಕೊಡುವ ಹಾಗಿಲ್ಲ. ಕೈಬರಹದಂತೆ ಉಳಿಯ ಗುರುತೂ ತಿಳಿಯುತ್ತಿತ್ತಾದ್ದರಿಂದ ಯಾರದ್ದೆಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಆದರೂ ಕೇಳದಿರುವುದರಿಂದ ಹೇಳುವುದು ಸುಲಭವಾಗುತ್ತಿತ್ತು.

ನನ್ನ ಗೆರೆಯ ಬಾಲ ಯಾವಾಗಲೂ ದಪ್ಪವಾಗುತ್ತಿತ್ತು. ಕಾರಣ ನನಗೆ ತಿಳಿದಿರಲಿಲ್ಲ. ಶೇಟರು ತಗಡು ಬಿಟ್ಟು ನನ್ನನ್ನೇ ನೋಡುತ್ತಾ ಕೂತು ಹೇಳಿದರು, "ನೀನು ಉಸಿರು ಹಿಡಿದುಕೊಂಡು ಕೊರೀತೀ. ಗೆರೆ ಮುಗೀತು ಅನ್ನುವಾಗ ಉಸಿರು ಬಿಡ್ತೀ. ಆಗ ಭುಜ ಇಳೀತದೆ, ಉಳಿಯೂ ಇಳೀತದೆ." ಅಕ್ಕೋರಿಗೆ ಒಂದೇ ಗೆರೆಯ ಮೇಲೆ ಎರಡು ಸಲ ಹೋಗುವ ಚಟ. ಅದು ಕಾಗದದಿಂದ ಬಂದ ಅಭ್ಯಾಸ, ಬಿಡಿಸಲು ಬಹಳ ಕಾಲ ಹೇಳಬೇಕಾಯಿತು. ಶೇಟರ ಅಕ್ಷರ ಉಳುಕುವುದಕ್ಕೆ ಕಾರಣ ಹುಡುಕಿದವರು ಅಕ್ಕೋರು. ಶೇಟರು ಅಕ್ಷರವನ್ನೂ ಬಳ್ಳಿಯ ಹಾಗೆ ಬುಡದಿಂದ ಮೇಲಕ್ಕೆ ಕೊರೆಯುತ್ತಿದ್ದರು. ತಲೆಕಟ್ಟಿನಿಂದ ಕೆಳಗಿಳಿದು ಬನ್ನಿ ಎಂದ ಮೇಲೆ ಅಕ್ಷರಗಳು ನೆಟ್ಟಗೆ ನಿಂತವು. ಅಷ್ಟು ವರ್ಷ ಬೆಳ್ಳಿ ಕೆಲಸ ಮಾಡಿದವರು ಆ ದಿನ ಹೊಸ ಅಂಗಿ ತೊಟ್ಟವರ ಹಾಗೆ ತಗಡನ್ನು ಹಿಡಿದು ಮತ್ತೆ ಮತ್ತೆ ನೋಡಿದರು.

ಎಲ್ಲ ಭಾನುವಾರಗಳೂ ಹಾಗಿರುತ್ತಿರಲಿಲ್ಲ. ಒಮ್ಮೆ ನನ್ನ ಎಲೆಗಳನ್ನು ನೋಡಿ ಅಕ್ಕೋರು "ಇದು ಎಲೆಯಲ್ಲ, ಎಲೆಯ ಅಚ್ಚು" ಎಂದದ್ದಕ್ಕೆ ನಾನು ಎರಡು ವಾರ ಹೋಗಲಿಲ್ಲ. ಮೂರನೆಯ ವಾರ ಹೋದಾಗ ಅಕ್ಕೋರು ನಾಲ್ಕೈದು ಬಗೆಯ ಎಲೆಗಳನ್ನು ಕಿತ್ತು ತಂದು ಕಿಟಕಿಯ ಮೇಲೆ ಇಟ್ಟಿದ್ದರು.

ವರ್ಷಗಳು ಹೀಗೆ ಹೋದವು. ನಡುವೆ ಕೆಲಸದ ರೀತಿ ಬದಲಾಯಿತು. ಪೈ ಮಾಮ ಹುಬ್ಬಳ್ಳಿಯಿಂದ ಕರೆಂಟಿನ ಪೆನ್ನು ತಂದರು. ಗುಂಯ್ ಎನ್ನುತ್ತಾ ಸ್ಟೀಲಿನ ಮೇಲೆ ಬರೆಯುತ್ತಿತ್ತು. ಅದನ್ನು ಬೈಯುವವರನ್ನು ಕಂಡಿದ್ದೇನೆ, ನಾನು ಬೈಯುವುದಿಲ್ಲ. ಸ್ಟೀಲು ಕೈ ಉಳಿಗೆ ಬಗ್ಗುವ ಲೋಹವಲ್ಲ, ಅದಕ್ಕೆ ಆ ಪೆನ್ನೇ ಸರಿ. ಆಮೇಲೆ ಸಿರ್ಸಿಗೆ ಕಂಪ್ಯೂಟರಿನ ಲೇಸರ್ ಯಂತ್ರ ಬಂತು. ಫಲಕ, ಟ್ರೋಫಿ, ನೇಮ್‌ಪ್ಲೇಟು ಎಲ್ಲ ಅಲ್ಲಿಗೆ ಹೋದವು. ಕೇಳಿಕೊಂಡು ಬಂದವರಿಗೆ ನಾನೇ ಆ ಅಂಗಡಿಯ ದಾರಿ ತೋರಿಸಿದೆ. ನಮಗೆ ಉಳಿದದ್ದು ಹಳೆಯ ತಾಮ್ರ ಹಿತ್ತಾಳೆ, ಬೆಳ್ಳಿಯ ರಿಪೇರಿ, ಉಬ್ಬು ತಗ್ಗಿನ ಮೇಲೆ ಯಂತ್ರ ಕೂರದ ಕೆಲಸಗಳು.

ಅಂಥ ಕೆಲಸಗಳಲ್ಲಿ ದೊಡ್ಡದು ಕಾನಸೂರಿನ ಆಚೆಯ ಒಂದು ಊರಿನ ದೇವಸ್ಥಾನದ್ದು. ಬೆಳ್ಳಿಯ ಪ್ರಭಾವಳಿ ತಲೆಮಾರುಗಳಿಂದ ತಿಕ್ಕಿ ತಿಕ್ಕಿ ಸವೆದು ಸೀಳು ಬಿಟ್ಟಿತ್ತು. ಹೊಸತು ಮಾಡಿಸಬೇಕು, ಆದರೆ ಬಳ್ಳಿ ಹಳೆಯದರ ಹಾಗೆಯೇ ಇರಬೇಕು ಎಂದು ಊರವರ ಅಪೇಕ್ಷೆ. ಆಡಳಿತ ನೋಡುತ್ತಿದ್ದ ತಿಮ್ಮಣ್ಣ ಹೆಗಡೆಯವರು ಅಕ್ಕೋರ ಪರಿಚಯದಿಂದ ಶೇಟರಲ್ಲಿಗೆ ಬಂದರು. ಮನೆಮನೆಯಿಂದ ಬಂದ ಹಳೆಯ ಬೆಳ್ಳಿಯನ್ನೇ ಕರಗಿಸಿ ತಗಡು ಮಾಡಿದ್ದು. ಕಾಲ್ಗೆಜ್ಜೆ, ಕುಂಕುಮದ ಬಟ್ಟಲು, ಮಕ್ಕಳ ಉಡಿದಾರ ಎಲ್ಲ ಅದರೊಳಗೆ ಹೋಗಿತ್ತು. ಶೇಟರು ಬಳ್ಳಿಯನ್ನು ಹಿಂದಿನಿಂದ ತಟ್ಟಿ ಉಬ್ಬಿಸಿದರು. ಇನ್ನು ಪ್ರತಿ ಎಲೆಗೂ ನರ ಕೊರೆಯಬೇಕು. ಅದು ಅವರೊಬ್ಬರೇ ಮಾಡುವ ಕೆಲಸ. ನಾವು ಭಾನುವಾರ ನೋಡಿ ಹೇಳುವವರು.

ಒಂದು ಭಾನುವಾರ ಬೋರಲಾಗಿದ್ದ ತಗಡುಗಳಲ್ಲಿ ಒಂದನ್ನು ಎತ್ತಿದೆ. ಪ್ರಭಾವಳಿಯ ಎಡಭಾಗದಲ್ಲಿ ಉಳಿದಿದ್ದ ಕೊನೆಯ ಎಲೆಗೆ ಕೈ ಹಾಕುವ ಮೊದಲು ಶೇಟರು ತಾಮ್ರದ ಮೇಲೆ ಅಭ್ಯಾಸಕ್ಕೆ ಕೊರೆದ ಎಲೆ ಅದು. ಮೊದಲ ನೋಟಕ್ಕೆ ಎಂದಿನಂತೆಯೇ ಇತ್ತು. ಭೂತಗನ್ನಡಿ ಹಿಡಿದಾಗ ಎಲೆಯ ನಡುನರದ ಅಂಚಿನಲ್ಲಿ ಸಣ್ಣ ಅಲೆ ಕಂಡಿತು. ನೀರಿನ ಮೇಲೆ ಗಾಳಿ ಹೋದ ಹಾಗೆ, ಒಂದೇ ಅಂತರದಲ್ಲಿ. ಉಳಿ ಮೊಂಡಾದರೆ ಗೆರೆ ಹರಿಯುತ್ತದೆ, ಅವಸರಪಟ್ಟರೆ ಜಾರುತ್ತದೆ. ಹೀಗೆ ಅಲೆಯಾಗುವುದಿಲ್ಲ. ನಾನು ತಲೆಯೆತ್ತಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಗಿ ನೋಡಿದ ಕೈ ಅದು. ಬೇರೆ ಏನಾದರೂ ಹೇಳಿ ದಾಟಿಸಬಹುದಿತ್ತು. ಆದರೆ ಅಂಗಡಿಯ ಕಪಾಟಿನಲ್ಲಿ ಒಂದು ಊರಿನ ಬೆಳ್ಳಿ ಕಾಯುತ್ತಿತ್ತು, ಬೆಳ್ಳಿಯ ಮೇಲೆ ಎಳೆದ ಗೆರೆಯನ್ನು ಅಳಿಸಲು ಬರುವುದಿಲ್ಲ.

"ನಡುನರ ನಡುಗಿದೆ" ಎಂದೆ.

ಅಕ್ಕೋರು ಕೈ ಚಾಚಿ ತಗಡನ್ನು ತೆಗೆದುಕೊಂಡು ನೋಡಿ, ಹೌದು ಎಂಬಂತೆ ಕೆಳಗಿಟ್ಟರು.

"ಬೆಳಕು ಸರಿ ಇರಲಿಲ್ಲ" ಎಂದರು ಶೇಟರು. ಸಮರ್ಥನೆ ಕೊಡಬಾರದೆಂಬ ಕ್ರಮವನ್ನು ಅವರು ಮುರಿದದ್ದು ಅದೇ ಮೊದಲು.

ಮುಂದಿನ ವಾರದ ತಗಡಿನಲ್ಲೂ ಅದೇ ಅಲೆ ಇತ್ತು. ಈ ಸಲ ಎತ್ತಿದವರು ಅಕ್ಕೋರು. ಅವರು ತಗಡಿನ ಮಾತೇ ಎತ್ತಲಿಲ್ಲ. "ಶೇಟ್ರೇ, ಚಹಾದ ಲೋಟ ಹಿಡಿಯುವಾಗ್ಲೂ ಕೈ ನಡುಗ್ತದೆ. ನಾನು ನೋಡಿದೇನೆ. ಡಾಕ್ಟರಿಗೆ ತೋರ್ಸಿ" ಎಂದರು.

ಶೇಟರ ಮುಖ ಕೆಂಪಾಯಿತು. "ನನ್ನ ಅಂಗಡಿಯಲ್ಲಿ ಕೂತು ನನ್ನ ಕೈಗೆ ಪರೀಕ್ಷೆಯಾ? ಉಳಿ ಹಿಡಿಯೂದು ನಿಮ್ಗೆ ಕಲ್ಸಿದವ ಯಾರು?"

"ಕಲ್ಸೂದಿಲ್ಲ ಅಂದವ್ರೂ ನೀವೇ" ಎಂದೆ. ಆ ಹೊತ್ತಿನಲ್ಲಿ ಹೇಳಬಾರದ ಮಾತು ಅದು.

"ಹೋಗಿ ಇಬ್ರೂ. ಇನ್ನು ಭಾನುವಾರ ಅಂಗಡಿ ತೆಗೆಯೂದಿಲ್ಲ."

ಅವರು ಹೇಳಿದ ಹಾಗೆಯೇ ಮಾಡಿದರು. ಮುಂದಿನ ಭಾನುವಾರ ಹೋದಾಗ ಬಾಗಿಲಿಗೆ ಬೀಗ. ಅಕ್ಕೋರೂ ಬಂದಿದ್ದರು. ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದು, ಚಹಾ ಕುಡಿದು, ಅವರು ಕಾನಸೂರಿನ ಬಸ್ಸು ಹತ್ತಿದರು, ನಾನು ಯಲ್ಲಾಪುರದ್ದು ಹತ್ತಿದೆ. ಚಹಾ ಕುಡಿಯುವಾಗ ಹೆಗಡೆಯವರಿಗೆ ತಿಳಿಸಬೇಕೇ ಎಂಬ ಪ್ರಶ್ನೆ ಬಂದಿತ್ತು. "ನಾವು ಹೇಳೂದಲ್ಲ. ಅವರೇ ಹೇಳಿದ್ರೆ ಅವರ ಮರ್ಯಾದೆ ಉಳೀತದೆ" ಎಂದರು ಅಕ್ಕೋರು. ಆ ದಿನಗಳಲ್ಲಿ ನನಗೆ ಕೆಲಸ ಹಿಡಿಸುತ್ತಿರಲಿಲ್ಲ. ತಗಡು ಮಾಡಿಟ್ಟರೆ ನೋಡುವವರು ಯಾರು?

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ಶೇಟರು ನಿಂತಿದ್ದರು. ಕೈಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ದೊಡ್ಡ ಗಂಟು. ಊರಿನ ಬೆಳ್ಳಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು.

"ಡಾಕ್ಟರಿಗೆ ತೋರಿಸ್ದೆ" ಎಂದರು ಕೂರುತ್ತಾ. "ನರದ್ದಂತೆ. ಗುಳಿಗೆ ಕೊಟ್ಟಿದಾರೆ. ನಿಧಾನ ಆಗ್ಬಹುದು, ನಿಲ್ಲೂದಿಲ್ಲ ಅಂದ್ರು."

ನನ್ನ ಹೆಂಡತಿ ಜುಲೇಖಾ ನೀರು ತಂದಿಟ್ಟಳು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು, ಮುಚ್ಚಿಡಲು ನೋಡಲಿಲ್ಲ. ಆಮೇಲೆ ಗಂಟು ಬಿಚ್ಚಿದರು. ಎಡಭಾಗದ ಎಲೆಗಳಿಗೆ ನರ ಕೊರೆದು ಮುಗಿದಿತ್ತು. ಬಲಭಾಗ ಖಾಲಿ.

"ಉಳಿದದ್ದು ನೀನು ಕೊರಿ ಇಸ್ಮಾಯಿಲ್."

"ನಿಮ್ಮ ಗೆರೆ ನನಗೆ ಬರೋದಿಲ್ಲ ಶೇಟ್ರೆ. ಎರಡು ಕೈ ಕೆಲಸ ಅಂತ ಕಂಡವರಿಗೆಲ್ಲ ಗೊತ್ತಾಗ್ತದೆ."

"ಬರೂ ಹಾಗೆ ಮಾಡುವ. ನಾನು ಕೂತು ಹೇಳ್ತೇನೆ. ಸಿರ್ಸಿಯಲ್ಲಿ ಬೇಡ. ಪೇಟೆಯವ್ರು ಬಂದು ನಿಂತು ನೋಡ್ತಾರೆ, ಉಳಿ ಯಾಕೆ ನೀವು ಹಿಡೀಲಿಲ್ಲ ಅಂತ ಕೇಳ್ತಾರೆ. ಇಲ್ಲೇ ಮಾಡು."

ಹೆಗಡೆಯವರಿಗೆ ಫೋನು ಮಾಡಿದವರು ಶೇಟರೇ. ತನ್ನ ಕೈ ನಡೆಯುವುದಿಲ್ಲ, ಯಲ್ಲಾಪುರದ ಇಸ್ಮಾಯಿಲ್ ಅವನ ಮನೆಯಲ್ಲಿ ಕೊರೆಯುತ್ತಾನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಹೆಗಡೆಯವರ ದೊಡ್ಡ ದನಿ ಹೊರಗೂ ಕೇಳಿಸಿತು. "ಅಡ್ಡಿಲ್ಲೆ ಶೇಟ್ರೇ. ಏರ್ಸೂ ಮುಂಚೆ ಪುಣ್ಯಾಹ ಹೆಂಗೂ ಮಾಡವು. ಬಳ್ಳಿ ಒಂದು ಹಳೇದರ ಹಾಂಗೇ ಬರವು, ಅಷ್ಟೇಯ." ದೇವರಿಗೆ ಏರಿಸುವ ಮೊದಲು ಶುದ್ಧಿ ಹೇಗೂ ಮಾಡಲೇಬೇಕು, ಬಳ್ಳಿ ಮಾತ್ರ ಹಳೆಯದರಂತೆ ಬರಬೇಕು ಎಂಬುದು ಅವರ ಮಾತು.

ಶೇಟರು ವಾರಕ್ಕೆ ಎರಡು ದಿನ ಬಂದು ಉಳಿದುಕೊಳ್ಳುತ್ತಿದ್ದರು. ದೇವರ ಬೆಳ್ಳಿ ಮನೆಯಲ್ಲಿದೆ ಎಂದು ಜುಲೇಖಾ ತಾನಾಗಿಯೇ ಮೀನು ಮಾಂಸ ನಿಲ್ಲಿಸಿದ್ದಳು. ಕೆಲವು ದಿನ ಸುಮ್ಮನೆ ಉಂಡ ಶೇಟರು ಕೊನೆಗೆ, "ತಂಗೀ, ನನ್ನನ್ನ ಸೊಪ್ಪು ತಿನ್ಸಿಯೇ ಕಳ್ಸೂದಾ?" ಎಂದರು. ಅಂದಿನಿಂದ ಕೆಲಸ ಮುಗಿದ ಮೇಲೆ ಪ್ರಭಾವಳಿಯನ್ನು ಒಳಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬಂಗಡೆ ಹುರಿಯುವುದು ಎಂದಾಯಿತು. ಭಾನುವಾರ ಅಕ್ಕೋರು ಬರುತ್ತಿದ್ದರು. ಅವರಿಗೆ ಜುಲೇಖಾ ಬಾಳೆಹಣ್ಣು, ಚಹಾ ಕೊಡುತ್ತಿದ್ದಳು.

ಶೇಟರು ನನ್ನ ಬಲಕ್ಕೆ ಕೂತು, ಗೆರೆ ಹೊರಡುವ ಮೊದಲು ಹೇಳುತ್ತಿದ್ದರು. "ಇಲ್ಲಿ ಹಗುರ. ಈಗ ತಗಡು ತಿರುಗ್ಸು, ತಿರುಗ್ಸು. ಇಲ್ಲಿ ಉಳಿ ಹೊರಳ್ಸು. ಬಿಡು." ಅಷ್ಟು ವರ್ಷ ನೋಡಿಯೂ ನನಗೆ ಗೊತ್ತಾಗದಿದ್ದ ಒಂದು ಸಂಗತಿ ಆಗ ತಿಳಿಯಿತು. ತಿರುವಿನಲ್ಲಿ ಗೆರೆ ದಪ್ಪವಾಗಲು ಅವರು ಒತ್ತುತ್ತಿರಲಿಲ್ಲ, ಉಳಿಯನ್ನು ಕೂದಲೆಳೆಯಷ್ಟು ಹೊರಳಿಸುತ್ತಿದ್ದರು. ಅದನ್ನು ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದೆ. "ನಂಗೂ ಗೊತ್ತಿರ್ಲಿಲ್ಲ ಮಾರಾಯಾ. ಈಗ ಬಾಯಲ್ಲಿ ಹೇಳ್ಬೇಕಾಗಿ ಬಂತಲ್ಲ, ಆಗ ಗೊತ್ತಾಯ್ತು" ಎಂದರು.

ಮಳೆ ಹಿಡಿಯುವ ಮೊದಲೇ ಬಲಭಾಗ ಮುಗಿಯಿತು. ಅಕ್ಕೋರು ಎರಡು ಭಾಗಗಳನ್ನೂ ಸರಿಹೋಲಿಸಿ ನೋಡಿ, ಒಪ್ಪಿದರು. ಆಗ ಶೇಟರು ಎಡಭಾಗದ ತುದಿಯಲ್ಲಿದ್ದ ಒಂದು ಎಲೆಯ ಮೇಲೆ ಬೆರಳಿಟ್ಟರು. ಅಂಗಡಿಗೆ ಬೀಗ ಹಾಕಿಕೊಂಡಿದ್ದ ತಿಂಗಳಲ್ಲಿ ಅವರು ಕೊನೆಯದಾಗಿ ಕೊರೆದ ಎಲೆ. ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲ ನರಗಳಲ್ಲೂ ಅದೇ ಅಲೆ.

"ಇದನ್ನ ತಿದ್ದು."

"ಇರಲಿ ಬಿಡಿ ಶೇಟ್ರೆ" ಎಂದೆ. "ಬರಿಗಣ್ಣಿಗೆ ಕಾಣೋದಿಲ್ಲ."

ಅಕ್ಕೋರೂ ಅದನ್ನೇ ಹೇಳಿದರು. "ಇದು ನಿಮ್ಮ ಕೈಯ ಕೊನೆ ಎಲೆ. ಇರಲಿ."

ಶೇಟರು ನಮ್ಮಿಬ್ಬರನ್ನೂ ನೋಡಿದರು. ಸಿಟ್ಟಿರಲಿಲ್ಲ, ಬೇಸರವಿತ್ತು. "ಕಂಡದ್ದನ್ನ ಹೇಳ್ಬೇಕು ಅಂತ ಮಾಡಿದವ್ರು ನೀವು. ಈಗ ಕಾಣೂದಿಲ್ಲ ಅಂತೀರಿ. ಇದು ದೇವರದ್ದು, ಊರವರದ್ದು. ನನ್ನ ಕಾಯಿಲೆಯನ್ನ ಅಲ್ಲಿ ಯಾಕೆ ಇಡೂದು? ತಿದ್ದು ಇಸ್ಮಾಯಿಲ್."

ನಡುಗಿದ ಗೆರೆಯನ್ನು ಅಳಿಸಲಾಗದು. ಅದರ ಎರಡೂ ಅಂಚನ್ನು ನುಂಗುವಷ್ಟು ಅಗಲದ ಗೆರೆಯನ್ನು ಅದರ ಮೇಲೆಯೇ ಕೊರೆಯಬೇಕು. ಒಂದನ್ನು ಅಗಲ ಮಾಡಿದರೆ ಎಲೆಯ ಉಳಿದ ನರಗಳನ್ನೂ ಅದಕ್ಕೆ ಸರಿಯಾಗಿ ಕೊರೆಯಬೇಕು. ಎಂದರೆ ಇಡೀ ಎಲೆ ಹೊಸದಾಗುತ್ತದೆ, ಹಳೆಯದರದ್ದು ಏನೂ ಉಳಿಯುವುದಿಲ್ಲ. ಉಳಿಯನ್ನು ಮಸೆದು ಉಗುರ ಮೇಲಿಟ್ಟು ನೋಡಿದೆ. ಕಚ್ಚಿತು. ಇನ್ನೊಮ್ಮೆ ಮಸೆದೆ. ಶೇಟರು ಕಾದರು. ಈ ಸಲ ಅವರು ಬಾಯಿಬಿಟ್ಟು ಏನೂ ಹೇಳಿಕೊಡಲಿಲ್ಲ. ನನ್ನ ಉಳಿ ಅವರ ಗೆರೆಯೊಳಗೆ ಇಳಿದು, ಅದು ಹೋದ ದಾರಿಯಲ್ಲೇ ಹೋಯಿತು. ಮುಂದೆ ಮುಂದೆ ಬೆಳ್ಳಿಯ ಸಣ್ಣ ಸುರುಳಿ ಏಳುತ್ತಿತ್ತು. ಒಂದೊಂದು ನರ ಮುಗಿದ ಹಾಗೂ ಅಕ್ಕೋರು ಕುಂಚದಿಂದ ಆ ಸುರುಳಿಗಳನ್ನು ಗುಡಿಸಿ ಬಟ್ಟಲಿಗೆ ಹಾಕಿದರು.

ಮುಗಿದ ಮೇಲೆ ಶೇಟರು ಭೂತಗನ್ನಡಿಗೆ ಕೈ ಚಾಚಿದರು. ಅವರ ಕೈಯಲ್ಲಿ ಅದು ನಿಲ್ಲಲಿಲ್ಲ. ನಾನೇ ಎಲೆಯ ಮೇಲೆ ಹಿಡಿದೆ, ಅವರು ಬಗ್ಗಿ ಕಣ್ಣಿಟ್ಟರು. ಒಂದು ಎಲೆಯಿಂದ ಇನ್ನೊಂದಕ್ಕೆ ಸರಿಸು ಎಂದು ಸನ್ನೆ ಮಾಡಿದರು, ಸರಿಸಿದೆ. ಎಡತುದಿಯನ್ನೆಲ್ಲ ನೋಡಿ, ಮತ್ತೆ ಹಿಂದಕ್ಕೆ ಬಂದು, ಇನ್ನೊಮ್ಮೆ ನೋಡಿದರು. ಬಹಳ ಹೊತ್ತಾಯಿತು.

"ಯಾವುದು ಅದು?" ಎಂದು ಕೇಳಿದರು.

ನಾನು ಬೆರಳಿಟ್ಟು ತೋರಿಸಿದೆ. ಅವರು ಅದರ ಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿದರು.

"ನಂಗೆ ಸಿಗ್ಲಿಲ್ಲ" ಎಂದರು. "ಆಯ್ತು. ಕಟ್ಟು."

ಪಂಚೆಯನ್ನು ಹಾಸಿದೆ. ಸುತ್ತಿ ಗಂಟು ಹಾಕುವುದನ್ನು ಮಾತ್ರ ಅವರು ನನಗೆ ಬಿಡಲಿಲ್ಲ. ನಡುಗುವ ಎರಡು ಕೈಯಿಂದ, ಹಿಡಿದದ್ದು ಜಾರಿ ಮತ್ತೆ ಹಿಡಿದು, ತಾವೇ ಬಿಗಿದರು. ನಾವಿಬ್ಬರೂ ಕೂತು ನೋಡಿದೆವು.